ಹಾಲನ್ನದ ಪಥ್ಯ

ವನಗೂರು
೨೮-೯-೧೯೯೭

ಕೆ. ಹೊಸಕೋಟೆಯ ಅತ್ತಿಗೆ ಈರಮ್ಮನವರಿಗೆ,

ಕಾಗದದ ಮೊದಲಿಗೆ ಕ್ಷೇಮ ಎಂದು ಬರೆಯುವುದು ವಾಡಿಕೆ. ನಾನು ಕ್ಷೇಮವಾಗಿಲ್ಲ, ಹಾಗಾಗಿ ಬರೆಯುವುದಿಲ್ಲ. ಪಕ್ಕದ ಎಸ್ಟೇಟಿನ ಆಫೀಸಿನಲ್ಲಿ ಫೋನ್ ಇದೆ. ಆದರೆ ಅಲ್ಲಿ ಲೆಕ್ಕ ಬರೆಯುವ ರೈಟರ್ ಕಿವಿ ನೆಟ್ಟಗೆ ಮಾಡಿಕೊಂಡು ಕೂತಿರುತ್ತಾನೆ. ಈ ಹೊಲಸು ವಿಷಯ ಅವನ ಕಿವಿಗೆ ಬೀಳುವುದು ಬೇಡ.

ಗೌರಿ ಹಬ್ಬಕ್ಕೆ ತವರಿಗೆ ಬಂದು ನಿಮ್ಮ ಕೈಯಲ್ಲಿ ಉಂಡು ಬಂದ ಮೇಲೆ ನನ್ನ ಹೊಟ್ಟೆ ನನ್ನ ಮಾತು ಕೇಳುತ್ತಿಲ್ಲ. ಬೆಳಿಗ್ಗೆ ಏಳುವಾಗ ನೆಟ್ಟಗಿರುತ್ತದೆ. ಕಾಫಿ ಕುಡಿದು ಸ್ವಲ್ಪ ಹೊತ್ತಿಗೆ ಒಳಗೆ ಯಾರೋ ಕೊಡ ಅಲ್ಲಾಡಿಸಿದ ಹಾಗೆ ಗುಳುಗುಳು ಶುರು. ಮಧ್ಯಾಹ್ನಕ್ಕೆ ತಮಟೆ. ಸಂಜೆಗೆ ಲಂಗದ ಲಾಡಿ ಸಡಿಲ ಮಾಡಿಕೊಂಡು ಗೋಡೆಗೆ ಒರಗಿ ಕೂತುಬಿಡುತ್ತೇನೆ. ತೇಗು ಬಂದರೆ ಅದರ ವಾಸನೆಗೆ ನನಗೇ ವಾಕರಿಕೆ. ಕೆಳಗಿನ ಗಾಳಿಯ ವಿಷಯ ಮರ್ಯಾದಸ್ಥ ಹೆಂಗಸು ಬರೆಯುವಂಥದ್ದಲ್ಲ, ಆ ಪದವನ್ನು ನಾನು ಬಾಯಲ್ಲಿ ಆಡಿದವಳೂ ಅಲ್ಲ. ಸಕಲೇಶಪುರದ ಜೀಪಿನಲ್ಲಿ ಜನರ ನಡುವೆ ಸಿಕ್ಕಿಕೊಂಡು, ಪ್ರತಿ ತಿರುವಿಗೂ ಹಲ್ಲು ಕಚ್ಚಿ ತಡೆದುಕೊಂಡು ಕೂರುವ ನರಕ ನಿಮಗೆ ಗೊತ್ತಿಲ್ಲ. ಮೊನ್ನೆ ಕೂಲಿಯವರ ಲೈನಿನ ಮುನಿಯಮ್ಮ ಎಲ್ಲರೆದುರು ಕೇಳಿದಳು: "ಅಮ್ಮೋರೆ, ಎಷ್ಟ್ ತಿಂಗ್ಳಾತು?" ನಲವತ್ತಾರು ವರ್ಷದ ನನ್ನನ್ನು! ಕಳೆ ತೆಗೆಯುತ್ತಿದ್ದವರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಥೂ.

ಓಮ ಅಗಿದೆ, ಇಂಗು ನೆಕ್ಕಿದೆ, ಅಂಗಡಿಯ ಸೋಡಾ ಕುಡಿದೆ, ಬೆಳ್ಳುಳ್ಳಿ ಬೇಯಿಸಿದ ಹಾಲು ಕುಡಿದೆ. ಯಾವುದಕ್ಕೂ ಬಗ್ಗಲಿಲ್ಲ. ಕೊನೆಗೆ ಮದ್ದು ತೆಗೆಯುವ ದ್ಯಾವಯ್ಯನ ಹತ್ತಿರ ಹೋದೆ. ಆಗದವರ ಊಟದಲ್ಲಿ ಕೈಮದ್ದು ಇಡುವವರು ನಮ್ಮ ಸೀಮೆಯಲ್ಲಿ ಇದ್ದಾರೆಂದು, ಅದು ಹೊಟ್ಟೆಯಲ್ಲಿ ಕೂತು ಬೆಳೆಯುತ್ತದೆಂದು ಚಿಕ್ಕವಳಿದ್ದಾಗಿನಿಂದ ಕೇಳಿದ್ದೆ. ಆತ ಖಾಲಿ ಹೊಟ್ಟೆಗೆ ಯಾವುದೋ ಸೊಪ್ಪಿನ ರಸ ಕುಡಿಸಿದ. ಅವನಿಟ್ಟ ಬೋಗುಣಿಗೆ, ಕರುಳೇ ಬಾಯಿಗೆ ಬಂದ ಹಾಗೆ ವಾಂತಿಯಾಯಿತು. ಆ ಬೋಗುಣಿಯನ್ನು ಕಡ್ಡಿಯಲ್ಲಿ ಕೆದಕಿ ಕಪ್ಪಗಿನ ಒಂದು ಉಂಡೆ ಎತ್ತಿ ತೋರಿಸಿದ. ಅದರೊಳಗೆ ಕೂದಲು.

"ಇದೇ ಕಣವ್ವ ನಿನ್ ಹೊಟ್ಟೇಲಿ ಕೂತಿದ್ದು. ಹೆಣ್ಣಿನ ಕೈಯಿ. ಹತ್ತಿರದೋಳೇ ಸಿಹಿಯೊಳಗೆ ಇಟ್ಟು ತಿನ್ಸವಳೆ," ಎಂದ.

ನನಗೆ ಗಿಣ್ಣು ಬಡಿಸಿದವರು ಯಾರು? ಹಸು ಈದಿದೆ, ಇನ್ನೊಂದು ತುಂಡು, ಇನ್ನೊಂದು ತುಂಡು ಎಂದು ಬಟ್ಟಲಿಗೆ ಹಾಕಿದವರು ಯಾರು? ದ್ಯಾವಯ್ಯನ ಅಂಗಳದಲ್ಲಿ ಕೂತವರು ಹೆಸರು ಕೇಳಿದರು, ಹೇಳಿದೆ. ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ.

ಅವ್ವ ನನ್ನ ಹೆಸರು ಕೊರೆಸಿ ಕೊಟ್ಟ ಹಿತ್ತಾಳೆ ಲೋಟ ನಿಮ್ಮ ಮನೆಯಲ್ಲೇ ಇದೆ. ಅದರಲ್ಲಿ ಇನ್ನು ನಾನು ನೀರೂ ಕುಡಿಯುವುದಿಲ್ಲ.

ಇಂತಿ,
ಚಂದ್ರಯ್ಯನವರ ತಂಗಿ ದ್ರಾಕ್ಷಾಯಣಿ


ಕೆ. ಹೊಸಕೋಟೆ
೯-೧೦-೧೯೯೭

ದಾಕ್ಷಿ,

ಒಂದೇ ಬೆಂಚಿನಲ್ಲಿ ಕೂತು ಓದಿದವಳು ನನ್ನನ್ನು 'ನೀವು' ಎಂದು ಬರೆದಿದ್ದೀಯ. ನಾನು ನಿನ್ನ ಅಣ್ಣನನ್ನು ಮದುವೆಯಾಗಲೇಬೇಕೆಂದು ಹಟ ಹಿಡಿದು ಉಪವಾಸ ಕೂತವಳು ನೀನು. ಈಗ ನಿನ್ನ ವಾಂತಿಯ ಬೋಗುಣಿಯನ್ನು ತಂದು ನನ್ನ ಹೊಸಲಿನ ಮೇಲೆ ಸುರಿದಿದ್ದೀಯ.

ನಿನ್ನ ಕಾಗದ ಓದಿ ನನಗೆ ಅಳು ಬರಲಿಲ್ಲ, ಅಸಹ್ಯ ಬಂತು. ಎದ್ದು ಹೋಗಿ ಕೈ ತೊಳೆದುಕೊಂಡೆ. ಆ ಗಿಣ್ಣನ್ನು ನಾನೂ ತಿಂದೆ, ನಿನ್ನ ಅಣ್ಣ ತಿಂದರು, ನನ್ನ ಮಗಳು ಚೈತ್ರ ಪಾತ್ರೆ ಕೆರೆದು ತಿಂದಳು. ನಮ್ಮ ಹೊಟ್ಟೆಯಲ್ಲಿ ಏನೂ ಬೆಳೆದಿಲ್ಲ. ಯಾರದ್ದೋ ಅಂಗಳದಲ್ಲಿ ಯಾವನೋ ಕಡ್ಡಿಯಲ್ಲಿ ಎತ್ತಿದ ಕೂದಲನ್ನು ನೋಡಿ ನನ್ನ ಕೈ ಅಂದೆಯಲ್ಲ, ಈ ಕೈ ನಿನ್ನ ಬಾಣಂತನ ಮಾಡಿದೆ.

ಲೋಟವನ್ನು ಅಟ್ಟಕ್ಕೆ ಎಸೆದಿದ್ದೇನೆ. ಬೇಕಾದಾಗ ಯಾರನ್ನಾದರೂ ಕಳಿಸಿ ತರಿಸಿಕೋ.

ಈರಮ್ಮ


ವನಗೂರು
೧೮-೧-೧೯೯೮

ಅತ್ತಿಗೆಗೆ,

ಕಾಗದ ಬರೆಯಬಾರದೆಂದೇ ಇದ್ದೆ. ಈಗ ಕಾಫಿ ಕುಯ್ಲು, ಮನೆ ತುಂಬ ಆಳುಕಾಳು, ಪುರುಸೊತ್ತೂ ಇಲ್ಲ. ಆದರೂ ಒಂದು ಮಾತು ಕೇಳಲೇಬೇಕು: ಮದ್ದನ್ನು ಈಗ ಯಾರ ಕೈಯಲ್ಲಿ ಕಳಿಸುತ್ತಿದ್ದೀರಿ?

ಮದ್ದು ತೆಗೆಸಿದ ಮೇಲೆ ದ್ಯಾವಯ್ಯ ಪಥ್ಯ ಹೇಳಿದ್ದ. "ಹಾಲು ಅನ್ನ ಬುಟ್ಟು ಬ್ಯಾರೆ ಏನೂ ಮುಟ್ಬ್ಯಾಡ ಕಣವ್ವ. ಹಾಲು ಒಳಗಿರೋ ಇಸ ಎಲ್ಲಾನೂ ತೊಳೀತದೆ." ಅಂದಿನಿಂದ ಮೂರು ಹೊತ್ತೂ ಹಾಲನ್ನ ಉಣ್ಣುತ್ತಿದ್ದೇನೆ. ಖಾರ ಇಲ್ಲ, ಹುಳಿ ಇಲ್ಲ, ನಾಲಿಗೆ ಸತ್ತುಹೋಗಿದೆ. ಬಟ್ಟಲಿನ ಅಂಚಿನ ಕೆನೆ ಕಂಡರೆ ಮೈ ಜುಂ ಅನ್ನುತ್ತದೆ. ಇಷ್ಟು ಕಟ್ಟುನಿಟ್ಟಾಗಿದ್ದರೂ ಹೊಟ್ಟೆ ಮೊದಲಿಗಿಂತ ಎರಡು ಪಾಲು ಆಗಿದೆ. ಪಕ್ಕಕ್ಕೆ ಹೊರಳಿದರೆ ಒಳಗೆ ಏನೋ ಹೊರಳುತ್ತದೆ. ಯಜಮಾನರು ಮಂಚ ಬಿಟ್ಟು ನಡುಮನೆಗೆ ಚಾಪೆ ಎಳೆದುಕೊಂಡು ಹೋದರು. "ಸೆಕೆ ಕಣೆ," ಅಂದರು. ವನಗೂರಿನಲ್ಲಿ, ಪುಷ್ಯ ಮಾಸದಲ್ಲಿ ಸೆಕೆ! ಅವರು ಮೂಗು ಮುಚ್ಚಿಕೊಂಡಿದ್ದನ್ನು ನಾನು ನೋಡಿದೆ. ಅವತ್ತು ನನ್ನ ದೇಹದ ಮೇಲೆ ನನಗೇ ಹೇಸಿಗೆ ಹುಟ್ಟಿತು.

ಆಗಾಗ ಭೇದಿಯೂ ಇದೆ. ದ್ಯಾವಯ್ಯನನ್ನು ಕೇಳಿದರೆ ಮತ್ತೆ ಯಾರೋ ಇಟ್ಟಿದ್ದಾರೆ ಅನ್ನುತ್ತಾನೆ. ನಾನು ಮನೆಯ ಹಸುವಿನ ಹಾಲು, ಮನೆಯ ಅಕ್ಕಿ ಬಿಟ್ಟು ಏನನ್ನೂ ಮುಟ್ಟಿಲ್ಲ. ನನ್ನನ್ನು ಬಿಟ್ಟುಬಿಡಿ. ಸಾಕಾಗಿದೆ.

ದ್ರಾಕ್ಷಾಯಣಿ


ಕೆ. ಹೊಸಕೋಟೆ
೨೭-೧-೧೯೯೮

ದಾಕ್ಷಿ,

ನಿನ್ನ ಕಾಗದವನ್ನು ಒಲೆಗೆ ಹಾಕಲು ಹೋದವಳು ನಿಂತೆ.

ನನ್ನ ಚಿಕ್ಕಮ್ಮನಿಗೆ ಹೀಗೇ ಹೊಟ್ಟೆ ಉಬ್ಬುತ್ತಿತ್ತು. ಗಾಳಿ ಗಾಳಿ ಎಂದು ವರ್ಷಗಟ್ಟಲೆ ಓಮದ ನೀರು ಕುಡಿಸಿದರು. ಕೊನೆಗೆ ನೋಡಿದರೆ ಗರ್ಭಕೋಶದ ಪಕ್ಕ ಗಡ್ಡೆ. ತಡವಾಗಿತ್ತು. ನನ್ನನ್ನು ಏನು ಬೇಕಾದರೂ ಅನ್ನು. ಮೊದಲು ಸಕಲೇಶಪುರಕ್ಕೆ ಹೋಗಿ ಓದಿದ ಡಾಕ್ಟರಿಗೆ ಆ ಹೊಟ್ಟೆಯನ್ನು ತೋರಿಸು. ಹಾಸನಕ್ಕೆ ಹೋಗು ಅಂದರೆ ಹಾಸನಕ್ಕೆ ಹೋಗು. ನೀನು ಸತ್ತರೆ ಊರವರು ಅದನ್ನೂ ನನ್ನ ಕೈಗೇ ಕಟ್ಟುತ್ತಾರೆ.

ನಿನ್ನ ಅಣ್ಣ ನಿನ್ನ ಹೆಸರು ಎತ್ತುವುದಿಲ್ಲ. ಊಟದ ನಡುವೆ ಸುಮ್ಮನೆ ಕೈ ನಿಲ್ಲಿಸಿಕೊಂಡು ಕೂರುತ್ತಾರೆ.

ಈರಮ್ಮ


ವನಗೂರು
೨೨-೩-೧೯೯೮

ಈರೂ,

ಹೋಗಿ ಬಂದೆ. ಗಡ್ಡೆ ಇಲ್ಲ.

ಸಕಲೇಶಪುರದಲ್ಲಿ ಒಬ್ಬರು ಡಾಕ್ಟರಮ್ಮ ಇದ್ದಾರೆ. ಗಟ್ಟಿ ಬಾಯಿ, ಮುಲಾಜಿಲ್ಲ. ಹೊಟ್ಟೆ ಒತ್ತಿ ನೋಡಿ, ತೂಕ ಇಳಿದಿದೆಯಾ, ರಕ್ತ ಹೋಗುತ್ತದಾ ಎಂದೆಲ್ಲ ವಿಚಾರಿಸಿದರು. ಈ ವಯಸ್ಸಿನ ಹೆಂಗಸಿನ ಹೊಟ್ಟೆ ಇಷ್ಟು ಕಾಲ ಉಬ್ಬಿಕೊಂಡಿದ್ದರೆ ನೋಡದೆ ಬಿಡುವ ಹಾಗಿಲ್ಲ ಎಂದು ಹಾಸನಕ್ಕೆ ಸ್ಕ್ಯಾನಿಂಗಿಗೆ ಕಳಿಸಿದರು. ತಣ್ಣನೆಯ ಅಂಟು ಬಳಿದು ಹೊಟ್ಟೆಯ ಮೇಲೆ ಏನೋ ಉಜ್ಜಿದರು. ನಿನ್ನ ಚಿಕ್ಕಮ್ಮನ ನೆನಪಾಗಿ ಕಣ್ಣು ಮುಚ್ಚಿಕೊಂಡು ಮಲಗಿದ್ದೆ. ಎಲ್ಲ ಚೆನ್ನಾಗಿದೆ ಎಂದು ಚೀಟಿ ಬಂತು.

ಆ ಚೀಟಿ ಹಿಡಿದು ಡಾಕ್ಟರಮ್ಮನ ಮುಂದೆ ಮತ್ತೆ ಕೂತಾಗ ಅವರು ಕೇಳಿದ್ದು ಒಂದೇ: "ದಿನಕ್ಕೆ ಎಷ್ಟು ಹಾಲು ಹೊಟ್ಟೆಗೆ ಹೋಗುತ್ತೆ?"

ನಾನು ಹೆಮ್ಮೆಯಿಂದಲೇ ಹೇಳಿದೆ. ಹಾಲನ್ನದ ಪಥ್ಯ, ಅದಕ್ಕೆ ಮೊದಲು ಬೆಳ್ಳುಳ್ಳಿ ಹಾಲು, ಹೋದ ಮನೆಯಲ್ಲೆಲ್ಲ ಕೊಡುತ್ತಿದ್ದ ಗಟ್ಟಿ ಹಾಲಿನ ಕಾಫಿ. ಅವರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಹಾಲಿನಲ್ಲಿ ಒಂದು ಸಿಹಿ ಇದೆಯಂತೆ. ಅದನ್ನು ಅರಗಿಸುವ ರಸ ಕೆಲವರಿಗೆ ವಯಸ್ಸಾದಂತೆ ಕಡಿಮೆಯಾಗುತ್ತದಂತೆ. ಹೋದ ಮಳೆಗಾಲದಲ್ಲಿ ನನಗೆ ಜೋರು ಭೇದಿಯಾಗಿತ್ತಲ್ಲ, ಅದೂ ಕರುಳನ್ನು ಕೆಡಿಸಿರಬಹುದಂತೆ. "ಪಲ್ಪ್ ಮಾಡಿ ಸಿಪ್ಪೆ ತೆಗೆದ ಕಾಫಿ ತೊಟ್ಟೀಲಿ ಹುಳಿತು ಬುಸುಬುಸು ಅನ್ನೋದು ನೋಡಿದ್ದೀರಲ್ಲ? ಅರಗದ ಹಾಲು ನಿಮ್ಮ ಕರುಳಲ್ಲಿ ಅದೇ ಮಾಡ್ತಿದೆ," ಎಂದರು.

ಆ ತೊಟ್ಟಿಯ ನಾತ ನಿನಗೆ ಗೊತ್ತಲ್ಲ. ಅದನ್ನು ಹೊತ್ತುಕೊಂಡು ತಿರುಗುತ್ತಿದ್ದೆ ಅನ್ನುವುದಕ್ಕಿಂತ ಹಾಲಿನ ಮಾತೇ ನನಗೆ ಹೆಚ್ಚು ಹೇಸಿಗೆ ಹುಟ್ಟಿಸಿತು. ಹಾಲು ಯಾರಿಗಾದರೂ ಆಗದೆ ಇರುತ್ತದೆಯೇ? ದೇವರಿಗೆ ಎರೆಯುವ ಹಾಲು! ಹುಟ್ಟಿದಾಗಿನಿಂದ ಕುಡಿದ ಹಾಲು! ಜಗಳವಾಡಿಯೇ ಎದ್ದು ಬಂದೆ. ಆದರೂ ಅವರು ಹೇಳಿದಂತೆ ಎರಡು ವಾರ ಹಾಲು ಬಿಟ್ಟು, ಕಪ್ಪು ಕಾಫಿ ಕುಡಿದು ನೋಡಿದೆ.

ಇಳಿಯಿತು. ಸೀರೆಯ ನೆರಿಗೆ ಜಾಗದಲ್ಲಿ ನಿಲ್ಲುತ್ತಿದೆ. ಮೊಸರು, ಮಜ್ಜಿಗೆ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಗಾಳಿಗೆ ಔಷಧಿ ಎಂದುಕೊಂಡು ಕುಡಿಯುತ್ತಿದ್ದ ಸೋಡಾ ಗಾಳಿಯನ್ನೇ ತುಂಬುತ್ತಿತ್ತಂತೆ, ಬಿಟ್ಟಿದ್ದೇನೆ. ಅವರೆಕಾಳು ಕಡಿಮೆ ಮಾಡಿ, ನಿಧಾನವಾಗಿ ಅಗಿದು ತಿಂದು, ಉಂಡ ಮೇಲೆ ಮಲಗದೆ ತೋಟದಲ್ಲಿ ಓಡಾಡುತ್ತೇನೆ. ಮೊನ್ನೆ ಹೂಮಳೆ ಬಿತ್ತು, ತೋಟವೆಲ್ಲ ಬೆಳ್ಳಗೆ ಅರಳಿದೆ. ಆ ವಾಸನೆಯನ್ನು ಈ ವರ್ಷ ಮೂಗು ಬಿಚ್ಚಿ ಕುಡಿದೆ. ಯಜಮಾನರು ಚಾಪೆ ಸುತ್ತಿಟ್ಟಿದ್ದಾರೆ.

ದ್ಯಾವಯ್ಯನ ಬೋಗುಣಿಯ ಉಂಡೆ ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ಆ ಕಡ್ಡಿ ಅವನ ಕೈಯಲ್ಲಿತ್ತು, ನನ್ನ ಕಣ್ಣಲ್ಲಿ ನೀರಿತ್ತು.

ದಾಕ್ಷಿ


ಕೆ. ಹೊಸಕೋಟೆ
೫-೪-೧೯೯೮

ದಾಕ್ಷಿ,

ಗಡ್ಡೆ ಇಲ್ಲ ಅನ್ನುವ ಸಾಲನ್ನು ನಿನ್ನ ಅಣ್ಣನಿಗೆ ಎರಡು ಸಲ ಓದಿ ಹೇಳಿದೆ. ಮಿಕ್ಕಿದ್ದನ್ನು ಓದಲಿಲ್ಲ.

ನಿನ್ನ ಹೊಟ್ಟೆ ಇಳಿಯಿತು. ನನ್ನ ಮನೆಯದ್ದು ಇಳಿದಿಲ್ಲ. ಅದನ್ನೂ ಕೇಳು. ದ್ಯಾವಯ್ಯನ ಅಂಗಳದಲ್ಲಿ ನೀನು ಆಡಿದ ಹೆಸರು ನಿನ್ನ ಕಾಗದಕ್ಕಿಂತ ಮೊದಲೇ ಹೊಸಕೋಟೆಗೆ ಬಂದಿತ್ತು. ಅಂದಿನಿಂದ ನಮ್ಮ ಮನೆಯಲ್ಲಿ ಹೊರಗಿನವರು ಯಾರೂ ಬಾಯಿಗೆ ಏನನ್ನೂ ಹಾಕಿಲ್ಲ. ಮುಖದ ಮೇಲೆ ಬೇಡ ಅನ್ನುವುದಿಲ್ಲ. ಕಾಫಿ ಲೋಟ ಹಿಡಿದು, "ಸೆಕೆ, ಹಿತ್ಲಲ್ಲಿ ಗಾಳಿಗ್ ಕುಡೀತೀನಿ," ಎಂದು ಹೋಗಿ ಕೆಸುವಿನ ಬುಡಕ್ಕೆ ಸುರಿದು, ಬಾಯಿ ಒರೆಸಿಕೊಂಡು ಬರುತ್ತಾರೆ. ಕೆಸು ಸೊಂಪಾಗಿ ಬೆಳೆದಿದೆ. ಹಬ್ಬಕ್ಕೆ ಬೀರಿದ ಎಳ್ಳು ಪಕ್ಕದ ಮನೆಯ ತಿಪ್ಪೆಯಲ್ಲಿ ಕೋಳಿಗಳು ಕೆದಕುತ್ತಿದ್ದವು. ಕಣ್ಣಾರೆ ಕಂಡೆ. ಈ ಜನರ ನಗುಮುಖ ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಅದನ್ನೂ ನುಂಗಿಕೊಂಡಿದ್ದೆ. ಈಗ ಚೈತ್ರಳಿಗೆ ಆಲೂರಿನ ಕಡೆಯ ಒಂದು ಸಂಬಂಧ ಬಂದಿದೆ. ಹುಡುಗನ ಹೆಸರು ಪ್ರವೀಣ್. ಇಬ್ಬರಿಗೂ ಒಪ್ಪಿಗೆ. ವೀಳ್ಯಶಾಸ್ತ್ರ ಮೇ ಹತ್ತಕ್ಕೆ ನಮ್ಮ ಮನೆಯಲ್ಲಿ. ಅಷ್ಟರಲ್ಲಿ ಯಾರೋ ಹುಡುಗನ ಸೋದರತ್ತೆ ಮಾದೇವಮ್ಮನ ಕಿವಿ ಊದಿದ್ದಾರೆ. ಆಕೆಯ ಮಾತೇ ಅವರ ಮನೆಯಲ್ಲಿ ಕೊನೆ. "ಶಾಸ್ತ್ರಕ್ ಬತ್ತೀವಿ. ಆದ್ರೆ ಮದ್ದಿಕ್ಕೋರ ಮನೇಲಿ ನೀರೂ ಮುಟ್ಟಕಿಲ್ಲ," ಎಂದು ಹೇಳಿ ಕಳಿಸಿದ್ದಾಳೆ. ಹೆಣ್ಣಿನ ಮನೆಯಲ್ಲಿ ಉಣ್ಣದೆ ಎದ್ದರೆ ಆ ವೀಳ್ಯಕ್ಕೆ ಏನು ಬೆಲೆ? ಈ ಹೆಸರು ಹೊತ್ತ ಮನೆಯಿಂದ ಮುಂದೆ ಯಾರು ಹೆಣ್ಣು ತರುತ್ತಾರೆ? ಚೈತ್ರ ನಾನು ಬಡಿಸುವಾಗ ನನ್ನ ಕೈಯನ್ನೇ ನೋಡುತ್ತಾಳೆ. ಅದು ನನ್ನನ್ನು ಕೊಲ್ಲುತ್ತಿದೆ.

ನಿನ್ನ ಡಾಕ್ಟರ ಚೀಟಿಯನ್ನು ಯಾರೂ ಓದುವುದಿಲ್ಲ. ನೀನು ಬರಬೇಕು. ಮೊದಲ ಪಂಕ್ತಿಯಲ್ಲಿ ಕೂತು, ಎಲ್ಲರ ಕಣ್ಣೆದುರು, ನನ್ನ ಕೈಯಿಂದ ಉಣ್ಣಬೇಕು.

ಈರಮ್ಮ


ವನಗೂರು
೧೪-೪-೧೯೯೮

ಈರೂ,

ಬರುತ್ತೇನೆ. ಆದರೆ ನನಗೊಂದು ಭಯ. ಅದನ್ನು ಹೇಳಿಕೊಳ್ಳಲೂ ನಾಚಿಕೆ.

ವೀಳ್ಯದ ಊಟಕ್ಕೆ ಹಾಲಿನ ಪಾಯಸ ಮಾಡುತ್ತೀರಿ. ಬೇಡ ಎಂದರೆ, ನೋಡಿ, ನಾದಿನಿಯೇ ಹೆದರುತ್ತಾಳೆ ಅನ್ನುತ್ತಾರೆ. ಉಂಡರೆ ಕೈ ತೊಳೆಯುವಷ್ಟರಲ್ಲಿ ನನ್ನ ಹೊಟ್ಟೆ ಸೆರಗನ್ನು ಎತ್ತಿಕೊಂಡು ಬರುತ್ತದೆ. ಉಬ್ಬಿದ ಹೊಟ್ಟೆಯನ್ನು ಆ ಮಾದೇವಮ್ಮ ಕಂಡರೆ ಮುಗಿಯಿತು, ನಿನ್ನ ಮೇಲಿನ ಮಾತಿಗೆ ನನ್ನ ಹೊಟ್ಟೆಯೇ ಸಾಕ್ಷಿ ಹೇಳಿದ ಹಾಗೆ. ಏನು ಮಾಡಲಿ?

ದಾಕ್ಷಿ


ಕೆ. ಹೊಸಕೋಟೆ
೨೦-೪-೧೯೯೮

ದಾಕ್ಷಿ,

ಒತ್ತು ಶ್ಯಾವಿಗೆ, ಬೆಲ್ಲ ಹಾಕಿದ ಕಾಯಿಹಾಲು. ತೆಂಗಿನಕಾಯಿ ಯಾವ ಹಸುವಿನದ್ದೂ ಅಲ್ಲ. ಬಾಯಿ ಮುಚ್ಚಿಕೊಂಡು ಬಾ.

ಈರಮ್ಮ


ವನಗೂರು
೧೩-೫-೧೯೯೮

ಈರೂ,

ಹೇಳದೆ ಕೇಳದೆ ಹಿತ್ತಲ ಬಾಗಿಲಿನಿಂದ ಓಡಿ ಬಂದು ಆಲೂರಿನ ಬಸ್ಸು ಹತ್ತಿದೆ. ನಿನ್ನ ಮುಖ ನೋಡುವ ಧೈರ್ಯ ಇರಲಿಲ್ಲ. ನೀನು ಒಲೆಯ ಮುಂದಿದ್ದೆ. ನಡುಮನೆಯಲ್ಲಿ ಏನಾಯಿತೆಂದು ಬೇರೆಯವರು ಉಪ್ಪು ಖಾರ ಹಚ್ಚಿ ಹೇಳುವ ಮೊದಲು ನಾನೇ ಬರೆಯುತ್ತೇನೆ.

ಊಟ ಸುಸೂತ್ರವಾಯಿತು, ಅದನ್ನು ನೀನೇ ಬಡಿಸಿದೆ. ನಾನು ಮೊದಲ ತುತ್ತು ಎತ್ತುವವರೆಗೆ ಮಾದೇವಮ್ಮ ಎಲೆಗೆ ಕೈ ಹಚ್ಚಿರಲಿಲ್ಲ. ನಾನು ಶ್ಯಾವಿಗೆ ಎರಡು ಸಲ ಹಾಕಿಸಿಕೊಂಡ ಮೇಲೆ ಆಕೆಯೂ ಕೆದಕಿದಳು. ಗೆದ್ದೆವು ಎಂದುಕೊಂಡು ಗೋಡೆಗೆ ಒರಗಿದೆ. ಆಗ ಚೈತ್ರ ತಟ್ಟೆಯಲ್ಲಿ ಕಾಫಿ ತಂದಳು.

ಮಾದೇವಮ್ಮ ತನ್ನ ಲೋಟ ತೆಗೆದುಕೊಂಡಳು, ಕುಡಿಯಲಿಲ್ಲ. ಅದನ್ನು ನನ್ನ ಕಡೆ ಚಾಚಿದಳು. "ಊಟ ಎಲ್ರಿಗೂ ಒಂದೇ ಪಾತ್ರೇದು, ಅದ್ರಲ್ಲಿ ಯಾರೂ ಏನೂ ಇಕ್ಕಾಕಾಗಕಿಲ್ಲ. ಲೋಟ ಒಬ್ಬೊಬ್ರುದು. ಇದು ನಂಗೆ ಅಂತ ತಂದಿದ್ದು. ನೀವು ಕುಡೀರಿ ನೋಡಾನ."

ಕೆನೆ ಕಟ್ಟಿದ ಗಟ್ಟಿ ಹಾಲಿನ ಕಾಫಿ. ಚೈತ್ರ ತಟ್ಟೆ ಹಿಡಿದು ಹಾಗೇ ನಿಂತಿದ್ದಳು. ಅವಳು ನನ್ನನ್ನು ನೋಡಲಿಲ್ಲ. ನಾನು ತಳ ಕಾಣುವವರೆಗೆ ಕುಡಿದೆ. ಕೆನೆ ತುಟಿಗೆ ಅಂಟಿತು, ಅದನ್ನೂ ನೆಕ್ಕಿದೆ.

ಆಮೇಲಿನದನ್ನು ಬರೆಯಲು ಕೈ ಬರುವುದಿಲ್ಲ. ಎರಡೂ ಕಡೆಯವರು ಛತ್ರದ ಮಾತು, ಒಡವೆಯ ಮಾತು ಆಡುತ್ತಿದ್ದರು. ನನ್ನೊಳಗೆ ತೊಟ್ಟಿ ಬುಸುಗುಡತೊಡಗಿತು. ಮೊದಲು ಗುಳುಗುಳು, ಪಕ್ಕದವರು ತಿರುಗಿ ನೋಡುವಷ್ಟು. ಆಮೇಲೆ ಹೊಟ್ಟೆ ಎದ್ದಿತು. ಸೆರಗು ಎಳೆದುಕೊಂಡೆ, ಉಸಿರು ಹಿಡಿದೆ. ಮಾದೇವಮ್ಮ ನನ್ನ ಹೊಟ್ಟೆಯನ್ನೇ ನೋಡುತ್ತಿದ್ದವಳು ಕೂಗಿಬಿಟ್ಟಳು: "ಅಯ್ಯಯ್ಯೋ, ನೋಡ್ರವ್ವ! ಈಗ ಕುಡುದ್ರು, ಆಗ್ಲೇ ಉಬ್ಕೊಂಡೈತೆ! ನಾನ್ ಹೇಳ್ಲಿಲ್ವಾ? ಏಳ್ರೋ ಎಲ್ಲಾ!"

ಗಂಡಿನ ಕಡೆಯವರು ಎದ್ದರು. ಒಬ್ಬರು ಆಗಲೇ ಚಪ್ಪಲಿ ಹುಡುಕುತ್ತಿದ್ದರು. ಅಣ್ಣ ಕಂಬ ಹಿಡಿದುಕೊಂಡು ನಿಂತರು. ತಡೆಯಬೇಕೆಂದು ನಾನೂ ಎದ್ದೆ. ಎದ್ದದ್ದೇ ತಪ್ಪಾಯಿತು. ಜೀಪಿನಲ್ಲಿ ಇಷ್ಟು ದಿನ ಹಲ್ಲು ಕಚ್ಚಿ ಹಿಡಿದದ್ದೆಲ್ಲ ಆ ಹೊತ್ತಿಗೇ ಕಾದು ಕೂತಿದ್ದ ಹಾಗೆ, ಇಡೀ ನಡುಮನೆಗೆ ಕೇಳುವಂತೆ ಹೊರಟಿತು. ಉದ್ದಕ್ಕೆ. ಬಾಗಿಲಲ್ಲಿ ಬಗ್ಗಿದ್ದವರು ಬಗ್ಗಿದಂತೆಯೇ ನಿಂತರು. ವಾಸನೆಯೂ ಇತ್ತು, ಮುಚ್ಚಿಡುವುದಿಲ್ಲ.

ಸತ್ತುಹೋಗಬೇಕು ಅನ್ನಿಸಿತು. ಆದರೆ ಚೈತ್ರ ಆಗ ನನ್ನನ್ನು ನೋಡಿದಳು. ನನ್ನ ಬಾಯಿ ತಾನಾಗಿ ಬಿಚ್ಚಿತು.

"ಮದ್ದಲ್ಲ ಕಣ್ರೀ, ಹೂಸು! ಹಾಲ್ ಕುಡುದ್ರೆ ನಂಗೆ ಹೊಟ್ಟೆ ಉಬ್ಬಿ ಹೂಸು ಬತ್ತದೆ. ಸಕಲೇಶಪುರದ ಡಾಕ್ಟ್ರಮ್ಮ ನೋಡಿ ಹೇಳವ್ರೆ. ಹೂಸು ಅಂತ ಹೇಳಕೆ ನಾಚ್ಕೆ ಆಗಿ ಮದ್ದು ಅಂದೆ, ನಮ್ಮತ್ತಿಗೆ ಹೆಸ್ರು ಹೇಳ್ದೆ. ಇನ್ನೊಂದ್ ಲೋಟ ತತ್ತಾ ಚೈತ್ರಾ, ಇವ್ರ್ಗೆ ಇನ್ನೂ ಅನುಮಾನ ಇದ್ರೆ ಇನ್ನೊಂದ್ಸಲ ಕೇಳುಸ್ತೀನಿ!"

ಮೊದಲು ನಕ್ಕಿದ್ದು ಮದುವೆ ಗಂಡು. ಆಮೇಲೆ ಚಪ್ಪಲಿ ಹುಡುಕುತ್ತಿದ್ದವರು ಹೊಸಲಿನ ಮೇಲೆಯೇ ಕೂತು ನಕ್ಕರು. ಅಣ್ಣ ನಗುತ್ತಿದ್ದರೋ ಅಳುತ್ತಿದ್ದರೋ ಗೊತ್ತಾಗಲಿಲ್ಲ. ಮಾದೇವಮ್ಮ ಮಾತ್ರ ನಗಲಿಲ್ಲ. ಮೂಗಿನ ಮೇಲಿನ ಸೆರಗು ತೆಗೆದು, ಹತ್ತಿರ ಸರಿದು, ನನ್ನ ಕಿವಿಯಲ್ಲಿ ಮೆಲ್ಲಗೆ ಕೇಳಿದಳು:

"ಮಜ್ಜಿಗೆ ಆಯ್ತದಾ?"

ಅಷ್ಟು ಹೊತ್ತಿಗೆ ಎರಡನೆಯದು ಬರುವ ಸೂಚನೆ ಕಂಡಿತು. ನಾನು ಓಡಿದೆ. ಮುಂದೆ ಏನಾಯಿತು, ಬರೆ. ಹುಡುಗಿಯ ವೀಳ್ಯವನ್ನು ನಾತ ಎಬ್ಬಿಸಿ ಕೆಡಿಸಿದೆನೋ ಎಂದು ಅನ್ನ ಇಳಿಯುತ್ತಿಲ್ಲ.

ನಿನ್ನ ದಾಕ್ಷಿ


ಕೆ. ಹೊಸಕೋಟೆ
೧೯-೫-೧೯೯೮

ದಾಕ್ಷಿ,

ವೀಳ್ಯ ಆಯಿತು. ನೀನು ಹೋದ ಮೇಲೆ ಮಾದೇವಮ್ಮ ಅಡುಗೆಮನೆಗೆ ಬಂದು, ಬಾಗಿಲು ಮುಂದೆ ಮಾಡಿ, ಕಪ್ಪು ಕಾಫಿ ಕೇಳಿದರು. ನನ್ನ ಕೈಯಿಂದಲೇ ಲೋಟ ತೆಗೆದುಕೊಂಡು, ಒಲೆಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, ಕೊನೆಯ ಗುಟುಕಿನವರೆಗೆ ಕುಡಿದರು. ಆ ಡಾಕ್ಟರಮ್ಮನ ಮನೆ ಸಕಲೇಶಪುರದಲ್ಲಿ ಯಾವ ಬೀದಿ ಎಂದು ವಿಚಾರಿಸಿದರು. ಬರೆದು ಕಳಿಸು. ಬೇರೆ ಯಾರಿಗೂ ಹೇಳಬೇಡ ಅಂದಿದ್ದಾರೆ.

ಊರಿನಲ್ಲಿ ನಿನ್ನ ಹೂಸಿನದೇ ಮಾತು. ಬಾವಿಕಟ್ಟೆಯಲ್ಲಿ ಹುಡುಗಿಯರು ಆಡಿಕೊಂಡು ನಗುತ್ತಿದ್ದಾರೆ. ನಗಲಿ. ಮದ್ದಿನ ಮಾತು ನಿಂತಿದೆ. ನಿನ್ನೆ ಪಕ್ಕದ ಮನೆಯವಳು ಕಾಫಿಯನ್ನು ನನ್ನ ಎದುರೇ ಕುಡಿದಳು. ನೋಡುತ್ತ ನಿಂತ ನನಗೆ ಅವಳ ಮೇಲೆ ಇನ್ನೂ ಹೇಸಿಗೆಯೇ ಆಯಿತು.

ದ್ಯಾವಯ್ಯನ ಅಂಗಳದಲ್ಲಿ ನೀನು ನನ್ನ ಹೆಸರು ಹೇಳಿದ್ದನ್ನು ನಾನು ಮರೆತಿಲ್ಲ. ಮರೆತೆ ಎಂದು ಸುಳ್ಳು ಬರೆಯುವುದೂ ಇಲ್ಲ. ಆದರೆ ಚೈತ್ರ ಮೊನ್ನೆ ನನ್ನ ಕೈತುತ್ತು ಕೇಳಿ ತಿಂದಳು, ಚಿಕ್ಕವಳಿದ್ದಾಗ ತಿನ್ನುತ್ತಿದ್ದ ಹಾಗೆ ಕಣ್ಣು ಮುಚ್ಚಿಕೊಂಡು.

ಅಟ್ಟದಿಂದ ನಿನ್ನ ಲೋಟ ಇಳಿಸಿದೆ. ಹುಣಸೆಹಣ್ಣು ಹಾಕಿ ತಿಕ್ಕಿ, ನಮ್ಮ ಲೋಟಗಳ ಸಾಲಿನಲ್ಲಿ ಬೋರಲು ಹಾಕಿದ್ದೇನೆ. ಗೌರಿ ಹಬ್ಬಕ್ಕೆ ಬಾ. ನಿನಗೆ ಹಾಲು ಕೊಡುವುದಿಲ್ಲ.

ಈರೂ